ಹಲವು ಸೈಕಲ್ಲುಗಳಿಂದ ಒಂದು ಸೈಕಲ್ಲು



ಅಣ್ಣಿಗೇರಿ, ನವಲಗುಂದ, ಕುಂದಗೋಳಗಳಂತಹ ಊರುಗಳ ಪೇಟೆಯ ಅಂಚಿನಲ್ಲಿ, ಹರಿದ ತಗಡು, ಕೆಟ್ಟ ಪಂಪು, ಸವೆದ ಕುಂಟೆಯ ಕುಡ ಮೊದಲಾದ ನಿರುಪಯುಕ್ತ ವಸ್ತುಗಳ ನಡುವೆ, ಕಿಲೋ ಲೆಕ್ಕದಲ್ಲಿ ತೂಕಕ್ಕೆ ಬಿದ್ದಿರುವ ಸೈಕಲ್ಲುಗಳ ರಾಶಿಯನ್ನು ಮೋಡಕಾ ಅಂಗಡಿಗಳ ಮುಂದೆ ತಾವೆಲ್ಲರೂ ಕಂಡಿರಬಹುದು. ಸ್ವಲ್ಪ ಸಾವಧಾನದಿಂದ ಪರಿಶೀಲಿಸಿದವನಿಗೆ ಆ ರಾಶಿಯಲ್ಲಿ ಮೂರು ತಲೆಮಾರುಗಳು ಗೋಚರಿಸುವುವು. ತಳದಲ್ಲಿರುವವು ನಮ್ಮ ಹಿರಿಯರ ಕರಿಯ ಸೈಕಲ್ಲುಗಳು: 1949ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಟಿ.ಐ. ಸಂಸ್ಥೆಯ ಹರ್ಕ್ಯುಲಿಸ್, 1951ರಲ್ಲಿ ಸೋನೀಪತದಲ್ಲಿ ಆರಂಭವಾದ ಅಟ್ಲಾಸ್, 1956ರಲ್ಲಿ ಲುಧಿಯಾನಾದಲ್ಲಿ ತಲೆಯೆತ್ತಿದ ಹೀರೋ. ಅವುಗಳ ಮೇಲೆ, 2006-07ರಿಂದ ರಾಜ್ಯ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಹಂಚತೊಡಗಿದ ಸೈಕಲ್ಲುಗಳು. ಹಳ್ಳಿಯಿಂದ ಹೈಸ್ಕೂಲಿಗೆ ಹೋಗಿ ಬರುವ ತಮ್ಮ ಕರ್ತವ್ಯವನ್ನು ಪೂರೈಸಿ, ಒಡತಿಯು ಕಾಲೇಜಿನ ಬಸ್ಸು ಹತ್ತಿದ ದಿನದಿಂದ ಹಿತ್ತಿಲ ಗೋಡೆಗೆ ಒರಗಿ ತುಕ್ಕು ಹಿಡಿದವು. ಎಲ್ಲಕ್ಕೂ ಮೇಲೆ, ದಪ್ಪ ಟೈರಿನ, ಗೇರು ಕಚ್ಚಿಕೊಂಡು ನಿಂತುಹೋದ, ಬಣ್ಣ ಇನ್ನೂ ಮಾಸದ ಇತ್ತೀಚಿನವು.

ನನ್ನ ಪರಿಚಯದ ತರುಣನೊಬ್ಬನು ಇಂತಹುದೊಂದು ರಾಶಿಯಿಂದ ಒಂದೊಂದೇ ಅಂಗವನ್ನು ಆಯ್ದು, ಕ್ರೂಸರ್ ಎಂದು ಪ್ರಸಿದ್ಧವಾದ ಜಾತಿಯ ಸೈಕಲ್ಲನ್ನು ಕಟ್ಟಲು ಕೈಹಚ್ಚಿದನು. ಅಗಲವಾದ ಟೈರು, ಸವಾರನ ಕಡೆಗೆ ಹಿಂದೆ ಬಾಗಿ ಬಂದ ಉದ್ದನೆಯ ಹ್ಯಾಂಡಲ್ಲು, ತಗ್ಗಾದ ವಿಶಾಲ ಸೀಟು, ಬೆನ್ನನ್ನು ನೆಟ್ಟಗಿಟ್ಟುಕೊಂಡು ಯಾವ ಆತುರವೂ ಇಲ್ಲದೆ ಸಾಗುವ ಗಮನ, ಇವು ಅದರ ಲಕ್ಷಣಗಳು. ನಮ್ಮ ಪೇಟೆಯಲ್ಲಿ ಇದು ದೊರೆಯದು. ದೊರೆತರೂ ಒಕ್ಕಲುತನದ ಮನೆಯ ಹುಡುಗನಿಗೆ ಅದರ ಬೆಲೆ ನಿಲುಕದು.

ಈ ಜಾತಿಯ ಉತ್ಪತ್ತಿಯೇ ಒಂದು ರಸವತ್ತಾದ ಕಥೆ. ಜಗತ್ತನ್ನೆಲ್ಲ ಆರ್ಥಿಕ ಮುಗ್ಗಟ್ಟು ಆವರಿಸಿದ್ದ 1933ರಲ್ಲಿ, ಅಮೆರಿಕದ ಶಿಕಾಗೋ ನಗರದ ಶ್ವಿನ್ ಕಂಪನಿಯು ಎರಡು ಇಂಚಿಗೂ ಮಿಗಿಲಾಗಿ ಅಗಲವಾದ ಬಲೂನು ಟೈರನ್ನು ತನ್ನ ಸೈಕಲ್ಲಿಗೆ ತೊಡಿಸಿ ಮಾರುಕಟ್ಟೆಗೆ ತಂದಿತು. ಬಾಲಕರಿಗಾಗಿ ನಿರ್ಮಿತವಾದ ಆ ಭಾರವಾದ ಬಂಡಿಗಳು ಕೆಲವು ದಶಕಗಳ ತರುವಾಯ ಅಲ್ಲಿಯ ಹಳೆಯ ಸಾಮಾನಿನ ಅಂಗಡಿಗಳನ್ನು ಸೇರಿದುವು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದ ಕೆಲವು ತರುಣರು, ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲಿ ಮುಂತಾದವರು, ಅವುಗಳನ್ನು ಅಗ್ಗಕ್ಕೆ ಕೊಂಡು, ಒಂದರ ಬ್ರೇಕು, ಇನ್ನೊಂದರ ಗೇರು, ಮತ್ತೊಂದರ ಹ್ಯಾಂಡಲ್ಲು ಜೋಡಿಸಿ, ಗುಡ್ಡದ ಮಣ್ಣುದಾರಿಯಲ್ಲಿ ಇಳಿಯತೊಡಗಿದರು. 1976ರಿಂದ ಅವರು ಪಂದ್ಯ ನಡೆಸಿದ ಇಳಿಜಾರು ಎಷ್ಟು ಕಡಿದಾಗಿತ್ತೆಂದರೆ, ಕೆಳಗೆ ಬಂದು ಮುಟ್ಟುವಷ್ಟರಲ್ಲಿ ಹಿಂದಿನ ಗಾಲಿಯ ಬ್ರೇಕಿನೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬದ ಹೊರತು ಇನ್ನೊಂದು ಓಟ ಸಾಧ್ಯವಿರಲಿಲ್ಲ. ಇಂದು ಮೌಂಟನ್ ಬೈಕ್ ಎಂದು ಲೋಕವೆಲ್ಲ ಕರೆಯುವ ಸೈಕಲ್ಲು ಹುಟ್ಟಿದ್ದು ಈ ಕಸದಿಂದ. ಅದರ ಅನುಕರಣೆಯನ್ನೇ ನಮ್ಮ ದೇಶದ ಕಾರಖಾನೆಗಳು ದೊಡ್ಡ ಪ್ರಮಾಣದಲ್ಲಿ ತಯಾರಿಸಿದುವು. ಅದೇ ಈಗ ಅಣ್ಣಿಗೇರಿಯ ರಾಶಿಯ ಮೇಲ್ಪದರದಲ್ಲಿ ಬಿದ್ದಿದೆ. ಶಿಕಾಗೋದ ಬಾಲಕನ ಗಾಲಿಯ ಅಳತೆಯು ಇಷ್ಟು ದೂರ ಸುತ್ತಿ, ಪುನಃ ಕ್ರೂಸರ್ ಆಗುವುದಕ್ಕಾಗಿ ನಮ್ಮ ಎರೆಸೀಮೆಯ ಹುಡುಗನ ಕೈಗೆ ಬಂದಿತೆಂಬುದು ಅವನಿಗೆ ತಿಳಿದಿರಲಿಲ್ಲ. ತಿಳಿಯಬೇಕಾದ ಅಗತ್ಯವೂ ಇರಲಿಲ್ಲವೆನ್ನಿ.

ಅವನಿಗೆ ತಿಳಿಯಬೇಕಾಗಿದ್ದುದು ಅಳತೆ. ಹಳೆಯ ತುಂಡುಗಳನ್ನು ಕೂಡಿಸುವ ಕೆಲಸವನ್ನು ಕಂಡೊಡನೆ ನಮ್ಮ ಭಾಗದವರಿಗೆ ಕೌದಿಯ ನೆನಪಾಗುವುದು ಸಹಜ. ಆದರೆ ಅರಿವೆಯು ಎಳೆದರೆ ಹಿಗ್ಗುತ್ತದೆ, ಮಡಿಸಿದರೆ ಮಡಿಯುತ್ತದೆ, ಸೂಜಿಗೆ ದಾರಿ ಬಿಡುತ್ತದೆ. ಉಕ್ಕಿಗೆ ಇಂತಹ ದಾಕ್ಷಿಣ್ಯವಿಲ್ಲ. 26 ಇಂಚು ಎಂದು ಬರೆದ ಎರಡು ಟೈರುಗಳನ್ನು ತೆಗೆದುಕೊಳ್ಳಿ. ತೆಳ್ಳನೆಯ ಟೈರಿನ ರಿಮ್ಮಿನಲ್ಲಿ ಟೈರಿನ ಅಂಚು ಕೂಡುವ ಜಾಗದ ವ್ಯಾಸವು 590 ಮಿಲಿಮೀಟರ್. ದಪ್ಪ ಟೈರಿನದಾದರೋ 559. ಹೆಸರು ಒಂದೇ, ಅಂತರ 31 ಮಿಲಿಮೀಟರ್. ಭೀಮಬಲದಿಂದ ಎಳೆದರೂ ಒಂದು ಇನ್ನೊಂದರ ಮೇಲೆ ಕೂಡಲಾರದು. ಹಿರಿಯರ 28 ಇಂಚಿನ ಗಾಲಿಯಲ್ಲಿ ಇದೇ ಅಳತೆಯು 635. ಅಂತಹ ಎತ್ತರದ ಗಾಲಿಗೆಂದು ರೂಪಿಸಿದ ಚೌಕಟ್ಟಿಗೆ ದಪ್ಪ ಟೈರಿನ ಗಾಲಿಯನ್ನು ತೊಡಿಸಿದಲ್ಲಿ, ಟೈರಿನ ದಪ್ಪವನ್ನು ಲೆಕ್ಕಕ್ಕೆ ಹಿಡಿದರೂ, ಪೆಡಲು ನೆಲಕ್ಕೆ ಸುಮಾರು 2 ಸೆಂಟಿಮೀಟರ್ ಸಮೀಪಿಸುತ್ತದೆ. ತಿರುವಿನಲ್ಲಿ ಓರೆಯಾದಾಗ ಅದು ಕಲ್ಲಿಗೆ ತಾಗುವುದು. ಸರಳಿನ ಬ್ರೇಕಿನ ರಬ್ಬರುಗಳೂ ರಿಮ್ಮಿಗೆ ನಿಲುಕದೆ ವ್ಯರ್ಥವಾಗಿ ಗಾಳಿಯನ್ನು ಹಿಡಿಯುವುವು.

ಕಡ್ಡಿಗಳ ವಿಷಯವೂ ಹೀಗೆಯೇ. ಕರಿಯ ಸೈಕಲ್ಲಿನ ಮುಂದಿನ ಗಾಲಿಗೆ 32 ಕಡ್ಡಿ, ಭಾರ ಹೊರುವ ಹಿಂದಿನ ಗಾಲಿಗೆ 40. ಅನಂತರದ ಮಾದರಿಗಳಲ್ಲಿ ಹಿಂದೂ ಮುಂದೂ 36. ಆದ್ದರಿಂದ ಅಜ್ಜನ ಗಟ್ಟಿಮುಟ್ಟಾದ ಹಬ್ಬು ಮೊಮ್ಮಗಳ ರಿಮ್ಮಿಗೆ ಒಲ್ಲದು. ಚೌಕಟ್ಟಿನ ತಲೆಯಲ್ಲಿ ಕೂಡುವ ಫೋರ್ಕಿನ ತಿರುಪಂತೂ ಮಹಾ ಮಾಯಾವಿ: ಇಂಗ್ಲೆಂಡಿನ ರಾಲೆ ಕಂಪನಿಯು ಇಂಚಿಗೆ 26 ಸುತ್ತಿನ ತಿರುಪನ್ನು ಇಟ್ಟುಕೊಂಡಿತು, ಉಳಿದ ಬಹುಪಾಲು ತಯಾರಕರು 24 ಸುತ್ತಿನದನ್ನು. ಕಣ್ಣಿಗೆ ಎರಡೂ ಒಂದೇ. ತಾಳ್ಮೆಗೆಟ್ಟವನು ಪಾನಾದಿಂದ ಒತ್ತಿ ತಿರುವಿದರೆ ಎರಡು ಸುತ್ತು ಹೋಗುವುದೂ ಉಂಟು. ಮೂರನೆಯದಕ್ಕೆ ಫೋರ್ಕೂ ಹೋಯಿತು, ನಟ್ಟೂ ಹೋಯಿತು.

ಇಷ್ಟೊಂದು ಭಿನ್ನಮತದ ನಡುವೆಯೂ ಕೆಲವು ಸಂಗತಿಗಳಲ್ಲಿ ಎಲ್ಲರೂ ಏಕಮತದವರೆಂಬುದು ನನಗೆ ಅತ್ಯಂತ ಆಶ್ಚರ್ಯಕರವಾಗಿ ತೋರುತ್ತದೆ. ಚೈನಿನ ಒಂದು ಕೊಂಡಿಯಿಂದ ಮತ್ತೊಂದು ಕೊಂಡಿಗೆ ಅರ್ಧ ಇಂಚು. ಸೋನೀಪತವೇ ಇರಲಿ, ಲುಧಿಯಾನವೇ ಇರಲಿ, ಹುಟ್ಟಿ ಅರುವತ್ತು ವರ್ಷವಾಗಿರಲಿ, ಆರೇ ತಿಂಗಳಾಗಿರಲಿ, ಈ ಅರ್ಧ ಇಂಚು ತಪ್ಪದು. ಎಡಗಾಲಿನ ಪೆಡಲಿಗೆ ಎಡಮುರಿಯ ತಿರುಪು, ಬಲಗಾಲಿನದಕ್ಕೆ ಬಲಮುರಿ. ತುಳಿತದಿಂದ ಪೆಡಲು ತಾನಾಗಿ ಬಿಚ್ಚಿಕೊಳ್ಳಬಾರದೆಂದು ಎಂದೋ ಯಾರೋ ಮಾಡಿದ ಈ ಏರ್ಪಾಟನ್ನು ಇಂದಿನವರೆಗೂ ಯಾರೂ ಮುರಿದಿಲ್ಲ. ಅಪರಿಚಿತರಾದ ಸಾವಿರಾರು ಕುಶಲಿಗಳು ಪರಸ್ಪರ ಮುಖವನ್ನೂ ನೋಡದೆ ಪಾಲಿಸಿಕೊಂಡು ಬಂದ ಇಂತಹ ಒಪ್ಪಂದಗಳ ಬಲದಿಂದಲೇ ನಮ್ಮ ತರುಣನ ಸಾಹಸವು ಸಾಧ್ಯವಾಯಿತು. ಹೊಸ ಸೈಕಲ್ಲನ್ನು ಕೊಳ್ಳುವವನಿಗೆ ಹಣವಿದ್ದರೆ ಸಾಕು. ಹತ್ತು ಸೈಕಲ್ಲುಗಳಿಂದ ಒಂದನ್ನು ಕಟ್ಟುವವನು ಈ ಹತ್ತರ ವಂಶಾವಳಿಯನ್ನೂ ಬಲ್ಲವನಾಗಿರಬೇಕು. ಇದನ್ನು ನಾವು ಜುಗಾಡ್ ಎಂಬ ಒಂದೇ ಮಾತಿನಲ್ಲಿ, ಅರ್ಧ ಮೆಚ್ಚಿಕೆ ಅರ್ಧ ತಾತ್ಸಾರದಿಂದ ತಳ್ಳಿಹಾಕುವುದು ನ್ಯಾಯವಲ್ಲ.

ಇಂತಹ ಜೋಡಣೆಯ ಜಾಣ್ಮೆಯ ಮಾತು ಬಂದಾಗ, ಅಣ್ಣಿಗೇರಿಯವರೇ ಆದ ಅಬ್ದುಲ್ ಖಾದರ್ ನಡಕಟ್ಟಿನ ಅವರನ್ನು ನೆನೆಯದಿರಲಾಗದು. ಬೆಳಗಿನ ಜಾವದಲ್ಲಿ ಏಳಲಾಗದೆ ಪರಿತಪಿಸುತ್ತಿದ್ದ ಅವರು, ಅಲಾರಾಂ ಗಡಿಯಾರದ ಕೀಲಿಗೆ ದಾರವೊಂದನ್ನು ಕಟ್ಟಿ, ಕೀಲಿಯು ಬಿಚ್ಚಿಕೊಳ್ಳುತ್ತಲೇ ನೀರಿನ ಬಾಟಲಿಯು ವಾಲಿ ಮುಖದ ಮೇಲೆ ಸುರಿಯುವಂತೆ ಮಾಡಿದರಂತೆ. ಗಡಿಯಾರ, ದಾರ, ಬಾಟಲಿ ಮೂರೂ ಮನೆಯಲ್ಲಿ ಮೊದಲೇ ಇದ್ದವು. ಇಲ್ಲದಿದ್ದುದು ಅವುಗಳ ಸಂಬಂಧ. ಹುಣಸೆಹಣ್ಣಿನಿಂದ ಬೀಜ ಬೇರ್ಪಡಿಸುವ ಯಂತ್ರ, ಬೀಜ ಗೊಬ್ಬರಗಳನ್ನು ಕೂಡಿಯೇ ಬಿತ್ತುವ ಕೂರಿಗೆ ಮೊದಲಾದವುಗಳವರೆಗೆ ಬೆಳೆದ ಆ ಬುದ್ಧಿಗೆ 2022ರಲ್ಲಿ ಪದ್ಮಶ್ರೀ ಗೌರವವು ಸಂದಿತು. ನಮ್ಮ ಹೊಲಗಳಲ್ಲಿ ಹಳೆಯ ಸೈಕಲ್ಲಿನ ಒಂದು ಗಾಲಿಗೆ ಹ್ಯಾಂಡಲ್ಲನ್ನೂ ಕುಡವನ್ನೂ ಬಿಗಿದು, ಎತ್ತಿಲ್ಲದ ಸಣ್ಣ ಹಿಡುವಳಿದಾರನು ಸಾಲಿನ ನಡುವೆ ತಳ್ಳಿಕೊಂಡು ಹೋಗುವ ಸೈಕಲ್ ಎಡೆಕುಂಟೆಯೂ ಇದೇ ಕುಲದ್ದು.

ಕಟ್ಟುವವನ ಇಚ್ಛೆಯೊಂದೇ ಸಾಲದು, ನೆಲವೂ ತನ್ನ ಅಭಿಪ್ರಾಯವನ್ನು ಹೇಳುತ್ತದೆ. ನವಲಗುಂದದ ಎರೆಯ ಮೇಲೆ ಮೊದಲ ಮಳೆ ಬಿದ್ದ ಮರುದಿನ ಹೊಲದ ದಾರಿಯಲ್ಲಿ ಸೈಕಲ್ಲು ತಳ್ಳಿದವರು ಬಲ್ಲರು: ಅಂಟಿನಂತಹ ಮಣ್ಣು ಟೈರಿಗೂ ಮಡಗಾರ್ಡಿಗೂ ನಡುವೆ ತುಂಬಿ, ಗಾಲಿಯು ಕಚ್ಚಿ ನಿಂತುಬಿಡುತ್ತದೆ. ಅಗಲವಾದ ಟೈರಾದರೆ ಮಣ್ಣು ಇನ್ನೂ ಅಧಿಕ. ಹೀಗಾಗಿ ಕ್ರೂಸರಿನ ಅಂದಕ್ಕೆ ಕಳೆಯೇರಿಸುವ ಆ ಬಾಗಿದ ಮಡಗಾರ್ಡುಗಳನ್ನು ನಮ್ಮ ತರುಣನು ಮೊದಲು ತೊಡಿಸಿ, ಆಷಾಢಕ್ಕೆ ಬಿಚ್ಚಿಟ್ಟನು. ಎರೆಸೀಮೆಯ ಸಮತಟ್ಟಿಗೆ ಮುಂದೆ 48 ಹಲ್ಲು, ಹಿಂದೆ 18 ಹಲ್ಲು ಒಪ್ಪುತ್ತದೆ. 28 ಇಂಚಿನ ಗಾಲಿಯಾದರೆ ಒಂದು ತುಳಿತದ ಪೂರ್ಣ ಸುತ್ತಿಗೆ ಸುಮಾರು 6 ಮೀಟರ್ ದಾರಿ ಸವೆಯುವುದು. ಕಲಘಟಗಿಯ ಏರಿಳಿತಗಳಲ್ಲಿ ಅದೇ ಲೆಕ್ಕವಿಟ್ಟರೆ ಮೊಳಕಾಲು ಕೂಗುತ್ತದೆ. ಅಲ್ಲಿ 44ಕ್ಕೆ 22 ಹಾಕಿ, ಸುತ್ತಿಗೆ ನಾಲ್ಕೂವರೆ ಮೀಟರಿಗೆ ತೃಪ್ತಿಪಡುವುದು ಜಾಣತನ. ಮತ್ತು ಅಲ್ಲಿಯ ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮನ್ನು ಬ್ರೇಕಿನ ರಬ್ಬರು ಬಹಳ ಹೊತ್ತು ಹಿಡಿಯುವುದೇ ಇಲ್ಲ.

ಬ್ರೇಕು, ಫೋರ್ಕು ಇವೆರಡರಲ್ಲಿ ಮಾತ್ರ ಹಳೆಯದರ ಮೋಹ ಸಲ್ಲದೆಂದು ನನ್ನ ದೃಢವಾದ ಅಭಿಪ್ರಾಯ. ಒಮ್ಮೆ ಬಾಗಿ, ಬಡಿದು ನೆಟ್ಟಗೆ ಮಾಡಿದ ಫೋರ್ಕು ಯಾವ ಮುನ್ಸೂಚನೆಯನ್ನೂ ಕೊಡದೆ ಮುರಿಯಬಲ್ಲುದು. ತೆಳ್ಳನೆಯ ಕೊಳವೆಗೆ ಗೇಟು ಕಿಟಕಿ ಮಾಡುವ ಅಂಗಡಿಯಲ್ಲಿ ಹಾಕಿಸಿದ ವೆಲ್ಡಿಂಗು ಅನೇಕ ವೇಳೆ ಕೂಡಿಸುವುದಕ್ಕಿಂತ ಸುಡುವುದೇ ಹೆಚ್ಚು. ಹಿತ್ತಾಳೆ ಕರಗಿಸಿ ಬೆಸೆಯಬಲ್ಲ ಹಳೆಯ ಕೈಗಳು ಹುಡುಕಿದರೆ ಇನ್ನೂ ಸಿಕ್ಕುತ್ತವೆ.

ಕೊನೆಗೂ ಸೈಕಲ್ಲು ಸಿದ್ಧವಾಯಿತು: ಇತ್ತೀಚಿನದೊಂದರ ಚೌಕಟ್ಟು, ಅದರದೇ ದಪ್ಪ ಗಾಲಿಗಳು, ಶಾಲೆಯ ಸೈಕಲ್ಲಿನ ಚೈನು ಪೆಡಲುಗಳು, ಯಾವುದೋ ಮೊಪೆಡ್ಡಿನ ಸೀಟು, ಗುರುತು ಅಳಿಸಿಹೋದ ಕರಿಯ ಸೈಕಲ್ಲಿನಿಂದ ತೆಗೆದು ಬಗ್ಗಿಸಿದ ಹ್ಯಾಂಡಲ್ಲು. ಅದನ್ನು ಅಗಸಿಯ ಕಟ್ಟೆಯ ಮುಂದೆ ತಂದು ನಿಲ್ಲಿಸಿದಾಗ, ಕುಳಿತಿದ್ದ ಹಿರಿಯರೊಬ್ಬರು ಎದ್ದು, ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಎಲ್ಲಾ ಛಲೋ ಐತಿ. ಕ್ಯಾರಿಯರ್ ಎಲ್ಲೈತೋ ತಮ್ಮಾ? ಮೇವಿನ ಹೊರಿ ಎಲ್ಲಿ ಇಡತಿ?" ಎಂದು ಕೇಳಿದರು. ಕ್ರೂಸರಿಗೆ ಕ್ಯಾರಿಯರ್ ಇರುವುದಿಲ್ಲವೆಂದು ತಿಳಿಹೇಳಲು ಹುಡುಗನು ಪ್ರಯತ್ನಪಟ್ಟನು. ಕಟ್ಟೆಯ ಮೇಲಿದ್ದವರಲ್ಲಿ ಒಬ್ಬರೂ ಆ ವಾದವನ್ನು ಅಂಗೀಕರಿಸಲಿಲ್ಲ. ಮರುದಿನ ಅವನು ಪುನಃ ಮೋಡಕಾ ಅಂಗಡಿಗೆ ಹೋಗಿ, ರಾಶಿಯ ತಳದಲ್ಲಿದ್ದ ಅಟ್ಲಾಸಿನದೊಂದು ಕ್ಯಾರಿಯರನ್ನು ತೂಕ ಮಾಡಿಸಿಕೊಂಡು ಬಂದನು.