ಕೆಟ್ಟಿದ್ದು ಮಾತೋ, ಬರಹವೋ?

(ಶಹಾಪುರದಲ್ಲಿ ಶಾಲಾ ಶಿಕ್ಷಕರೆದುರು ಮಾಡಿದ ಭಾಷಣದ ಬರಹರೂಪ)



ಕನ್ನಡ ಕೆಟ್ಟುಹೋಯಿತು ಎಂಬ ದೂರು ಎಲ್ಲ ಊರುಗಳಲ್ಲೂ ಇದೆ. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಅದು ಎರಡು ಬಾರಿ ಕೇಳುತ್ತದೆ. ನಮ್ಮದು ಉರ್ದು ಬೆರೆತ ಅಶುದ್ಧ ಕನ್ನಡ ಎಂದು ಹೊರಗಿನವರು ಅನ್ನುತ್ತಾರೆ. ಅದನ್ನೇ ನಂಬಿ ನಾವು ತರಗತಿಯಲ್ಲಿ ಮಕ್ಕಳ ಬಾಯಿ ತಿದ್ದುತ್ತೇವೆ. ಕೆಡುವುದು ಎಂದರೇನು ಎಂದು ಮೊದಲು ನಿಶ್ಚಯಿಸಿಕೊಳ್ಳದಿದ್ದರೆ, ಕೆಡದೆ ಇದ್ದುದನ್ನು ತಿದ್ದುತ್ತ, ನಿಜವಾಗಿ ಕೆಟ್ಟದ್ದನ್ನು ಹಾಗೆಯೇ ಬಿಟ್ಟುಬಿಡುತ್ತೇವೆ. ಈಗ ಆಗುತ್ತಿರುವುದು ಅದೇ ಎಂಬುದು ನನ್ನ ಅಭಿಪ್ರಾಯ.

ಮಗು 'ಮನಿ' ಎನ್ನುತ್ತದೆ, ನಾವು 'ಮನೆ' ಎನ್ನು ಎಂದು ಗದರುತ್ತೇವೆ. ಅದೇ ಮಗು ತಲೆಗೆ 'ತಲಿ', ಮಳೆಗೆ 'ಮಳಿ', ಬೆಳೆಗೆ 'ಬೆಳಿ' ಎಂದೇ ಅನ್ನುತ್ತದೆ. ಎಕಾರದಲ್ಲಿ ಮುಗಿಯುವ ನಾಮಪದ ಇಕಾರದಲ್ಲಿ ಮುಗಿಯುವುದು ಇಲ್ಲಿಯ ನಿಯಮ. ನಿಯಮವಿದ್ದಲ್ಲಿ ವ್ಯಾಕರಣವಿದೆ. ಇನ್ನೂ ಸೂಕ್ಷ್ಮವಾದದ್ದು ಕ್ರಿಯಾಪದದ ವಿಷಯ. 'ಮಾವ ನಿನ್ನೆ ಬಂದ' ಎಂದರೆ ಆಗಿಹೋದ ಸಂಗತಿ. 'ಮಾವ ಬಂದಾನ, ಚಹಾ ಇಡು' ಎಂದರೆ ಬಂದವನು ಈಗ ಕಟ್ಟೆಯ ಮೇಲೆ ಕೂತಿದ್ದಾನೆ ಎಂದರ್ಥ. ಪಠ್ಯಪುಸ್ತಕದ ಕನ್ನಡಕ್ಕೆ ಇಲ್ಲಿ 'ಬಂದಿದ್ದಾನೆ' ಎಂಬ ಉದ್ದನೆಯ ರೂಪ ಬೇಕು. ಅದೇ ಪುಸ್ತಕದಲ್ಲಿ 'ಬಂದಾನು' ಎಂದರೆ ಬರಬಹುದು ಎಂಬ ಸಂಭಾವನೆ. ಈ ಮೂರನ್ನೂ ಬೇರೆಬೇರೆ ಎಂದು ತೋರಿಸಿ, ಮನೆಯಲ್ಲಿ ಹೀಗೆ, ಪುಸ್ತಕದಲ್ಲಿ ಹಾಗೆ ಎಂದು ಹೇಳಿಕೊಟ್ಟರೆ ಮಗು ಎರಡನ್ನೂ ಕಲಿಯುತ್ತದೆ. 'ಬಂದಾನ' ತಪ್ಪು ಎಂದು ಗದರಿದರೆ ಅದು ಕಲಿಯುವುದು ಒಂದನ್ನೇ: ತರಗತಿಯಲ್ಲಿ ಬಾಯಿ ತೆರೆಯಬಾರದು.

ಇನ್ನು ಉರ್ದುವಿನ ಮಾತು. ಸುರಪುರ ಸಂಸ್ಥಾನವನ್ನು ಬ್ರಿಟಿಷರು 1860ರಲ್ಲಿ ನಿಜಾಮನಿಗೆ ಒಪ್ಪಿಸಿದರು. ಹೈದರಾಬಾದಿನ ಆಡಳಿತ ಭಾಷೆ 1884ರಲ್ಲಿ ಫಾರಸಿಯಿಂದ ಉರ್ದುವಿಗೆ ಬದಲಾಯಿತು. 1948ರ ಸೆಪ್ಟೆಂಬರ್ 17ರವರೆಗೆ ಈ ಸೀಮೆಯವರು ನಿಜಾಮನ ಆಳ್ವಿಕೆಯಲ್ಲೇ ಇದ್ದರು. ಕೋರ್ಟು ಕಚೇರಿಯ ಮಾತು ಮನೆಯೊಳಗೆ ಬಾರದೆ ಇದ್ದೀತೆ? ಆದರೆ ಒಂದನ್ನು ಗಮನಿಸಿ. ರೈತ, ಜಮೀನು, ಅರ್ಜಿ, ವಕೀಲ, ಹಕ್ಕು, ತಕರಾರು, ದಾಖಲೆ ಎಂದು ಮೈಸೂರಿನವರೂ ಅನ್ನುತ್ತಾರೆ. ಇವೆಲ್ಲ ಅರಬ್ಬಿ, ಫಾರಸಿ ಮೂಲದವೇ. ಅಲ್ಲಿ ಶುದ್ಧವಾದದ್ದು ಇಲ್ಲಿಗೆ ಬಂದಾಗ ಅಶುದ್ಧವಾಗುವುದು ಹೇಗೆ? 'ಜಲ್ದಿ ಬಾ' ಎಂಬಲ್ಲಿ 'ಬಾ' ಕನ್ನಡವೇ. 'ಕರೆಂಟ್ ಹೋಗ್ಯಾದ' ಎಂಬಲ್ಲಿ ನಾಮಪದ ಇಂಗ್ಲಿಷಿನದು, ವಾಕ್ಯ ನಮ್ಮದು. ಸುರಪುರದಲ್ಲಿ ಮೆಡೋಸ್ ಟೇಲರನು ಕಟ್ಟಿಸಿದ ಬಂಗಲೆಯನ್ನು ಇಂದಿಗೂ ಟೇಲರ್ ಮಂಜಿಲ್ ಎನ್ನುತ್ತೇವೆ. ಇಂಗ್ಲಿಷ್ ಹೆಸರು, ಅರಬ್ಬಿ ಶಬ್ದ. 'ಮಂಜಿಲದಾಗ' ಎಂದೊಡನೆ ಕನ್ನಡ.

ಈ ಜಗಳ ಹೊಸದೂ ಅಲ್ಲ. ನಮ್ಮ ಪಕ್ಕದ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಆ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದ ಮೊದಲ ಪರಿಚ್ಛೇದದ ವಿಷಯವೇ ದೋಷ ಯಾವುದು, ಅಲ್ಲದ್ದು ಯಾವುದು ಎಂಬ ನಿರ್ಣಯ. ಶ್ರೀವಿಜಯ ಸಡಿಲ ಮನುಷ್ಯನಲ್ಲ. ಸಂಸ್ಕೃತವನ್ನೂ ಕನ್ನಡವನ್ನೂ ಅರಿಯದೆ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು ಕಟುವಾಗಿಯೇ ಹೇಳುತ್ತಾನೆ. ಅಂಥವನೇ ದೇಸಿಯ ಮಾತು ಬಂದಾಗ 'ಕನ್ನಡ' ಎನ್ನದೆ ಬಹುವಚನದಲ್ಲಿ 'ಕನ್ನಡಗಳು' ಎನ್ನುತ್ತಾನೆ. ದೇಸಿ ಬೇರೆಬೇರೆಯಾಗಿರುವುದರಿಂದ ಇವುಗಳ ದೋಷ ಇಷ್ಟೇ ಎಂದು ಎಣಿಸಹೊರಟರೆ ವಾಸುಕಿಯೂ ಬೇಸತ್ತಾನು ಎಂಬುದು ಅವನ ಅಭಿಪ್ರಾಯ. ಅಷ್ಟು ತಲೆಗಳ ವಾಸುಕಿಗೆ ಆಗದ ಕೆಲಸವನ್ನು ನಾವು ಒಂದು ಕೆಂಪು ಪೆನ್ನಿನಿಂದ ಮಾಡಹೊರಟಿದ್ದೇವೆ.

ಹಾಗಾದರೆ ಎಲ್ಲವೂ ಸರಿಯೆ? ಖಂಡಿತ ಅಲ್ಲ. ಬಸ್ ನಿಲ್ದಾಣದಿಂದ ಇಲ್ಲಿಗೆ ಬರುವ ದಾರಿಯ ಫಲಕಗಳನ್ನು ಓದಿ. 'ಹಾರ್ದಿಕ ಶುಭಾಷಯಗಳು' ಎಂದಿರುತ್ತದೆ. ಶುಭ, ಆಶಯ ಕೂಡಿದರೆ ಶುಭಾಶಯ, ಅದರಲ್ಲಿ ಭಾಷೆಯಿಲ್ಲ. ಜಾತಿಗೆ ಅತೀತವಾದದ್ದು ಜಾತ್ಯತೀತ, ವೇದಿಕೆಯ ಮೇಲೆ ಮಾತ್ರ ಅದು 'ಜಾತ್ಯಾತೀತ'. 'ಊರ ಮದ್ಯದಲ್ಲಿ ಶಾಲೆ' ಎಂದು ಬರೆದವನಿಗೆ ಧಕಾರ ತಪ್ಪಿದ್ದು ಗೊತ್ತಿಲ್ಲ, ಓದಿದವನಿಗೆ ನಗು. ಇಂಥವು ಯಾವ ಸೀಮೆಯ ಮಾತಿನ ನಿಯಮವೂ ಅಲ್ಲ, ಬರೀ ಅಸಡ್ಡೆ. ಹೀಗೆ ಬರೆಯುವವರಲ್ಲಿ ಓದಿದವರೇ ಹೆಚ್ಚು.

ನಕ್ಕು ಬಿಡಲಾಗದ ತಪ್ಪುಗಳೂ ಇವೆ. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವವನಿಗೂ ಮಳೆ ನಂಬಿ ತೊಗರಿ ಬಿತ್ತುವವನಿಗೂ ಬೆಳೆ ಪರಿಹಾರ ಬೇರೆ, ಬೆಂಬಲ ಬೆಲೆ ಬೇರೆ. ಒಂದು ಳಕಾರ ಲಕಾರವಾದರೆ ಅರ್ಜಿಯ ವಿಷಯವೇ ಬದಲಾಗುತ್ತದೆ. ಸರಕಾರಿ ಉತ್ತರಗಳ 'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂಬ ವಾಕ್ಯ ಇದಕ್ಕಿಂತ ದೊಡ್ಡ ದೋಷ. ಕಾಗುಣಿತ ಸರಿ, ವಿಭಕ್ತಿ ಸರಿ; ಕರ್ತೃವೇ ಇಲ್ಲ. ಯಾರು ಕೈಗೊಳ್ಳುತ್ತಾರೆ, ಎಂದು? ಇಂಗ್ಲಿಷಿನ ಕಡತಗಳಿಂದ ಇಳಿದುಬಂದ ಕರ್ಮಣಿ ಪ್ರಯೋಗವಿದು. ನಮ್ಮ ಹಳ್ಳಿಯ ಮುದುಕಿಯ ಮಾತಿನಲ್ಲಿ ಇಂಥ ವಾಕ್ಯ ಹುಟ್ಟಲಾರದು. ಆಕೆ 'ಯಾರ್ ಮಾಡ್ತಾರ್ರಿ?' ಎಂದೇ ಕೇಳುತ್ತಾಳೆ. ಅಶುದ್ಧ ಕನ್ನಡ ಯಾರದು, ನೀವೇ ಹೇಳಿ.

ಕೊನೆಗೆ ಒಂದು ಹೆಸರಿನ ಸಂಗತಿ. ನಮ್ಮ ಕಡೆ ಹಣಮಂತ ಎಂಬ ಹೆಸರು ಮನೆಮನೆಯಲ್ಲಿದೆ. ಅದು ಹನುಮಂತನ ತಪ್ಪು ರೂಪವೆಂದು ಬಗೆದು ಶಾಲೆಯ ದಾಖಲಾತಿಯಲ್ಲಿ ಒಬ್ಬರು 'ಹನುಮಂತ' ಎಂದು ತಿದ್ದುತ್ತಾರೆ. ಪಹಣಿಯಲ್ಲಿ ಅಪ್ಪ ಬರೆಸಿದ 'ಹಣಮಂತ' ಹಾಗೆಯೇ ಇರುತ್ತದೆ. ಆಧಾರ್ ಚೀಟಿಯಲ್ಲಿ ಇಂಗ್ಲಿಷ್ ಅಕ್ಷರಗಳ ಮೂಲಕ ಹಾದು ಮೂರನೆಯದೊಂದು ರೂಪ ಬರುತ್ತದೆ. ಮುಂದೆ ಬ್ಯಾಂಕಿನಲ್ಲಿ, ವಾರಸಾ ಬದಲಾವಣೆಯಲ್ಲಿ, ಮೂವರೂ ಒಬ್ಬನೇ ಎಂದು ಪ್ರಮಾಣಪತ್ರ ಮಾಡಿಸಿಕೊಂಡು ಅವನು ತಹಸೀಲ್ ಕಚೇರಿಗೆ ತಿರುಗಬೇಕು. ಮೊದಲನೆಯ ತರಗತಿಗೆ ಸೇರಿಸುವಾಗ ಹೆಸರು ಬರೆದುಕೊಳ್ಳುವವರು ನೀವು. ತಂದೆತಾಯಿಯ ಬಾಯಲ್ಲಿ ಹೇಗಿದೆಯೋ ಕೇಳಿ, ಅವರ ಪಹಣಿ ತರಿಸಿ ನೋಡಿ, ಆಮೇಲೆ ಬರೆದುಕೊಳ್ಳಿ.