ಅಸಲು ಬಂದರೆ ಸಾಕು



ಷೇರಿನ ಮಾತು ಬಂದಾಗಲೆಲ್ಲ ನಮ್ಮವರ ಬಾಯಲ್ಲಿ ಒಂದು ಮಾತು ಕೇಳಿಸುತ್ತದೆ: "ಲಾಭ ಏನೂ ಬೇಡ, ಹಾಕಿದ ಅಸಲು ಬಂದರೆ ಸಾಕು, ಮಾರಿಬಿಡ್ತೀನಿ." ಕೇಳುವುದಕ್ಕೆ ಬಹಳ ವಿನಯದ ಮಾತು. ಆದರೆ ಮಧ್ಯಮ ವರ್ಗದ ಉಳಿತಾಯವನ್ನು ಇದರಷ್ಟು ಕರಗಿಸಿದ ಮಾತು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಎಲ್ಲಿಂದ ಹುಟ್ಟುತ್ತದೆ ಎಂದು ಇವತ್ತು ನೋಡೋಣ.

2008ರ ಜನವರಿಯಲ್ಲಿ ರಿಲಯನ್ಸ್ ಪವರ್ ಕಂಪನಿಯ ಐಪಿಒ, ಅಂದರೆ ಸಾರ್ವಜನಿಕರಿಗೆ ಮೊದಲ ಷೇರು ಮಾರಾಟ, ಬಂತು. ಕಂಪನಿಯ ವಿದ್ಯುತ್ ಸ್ಥಾವರಗಳು ಆಗಿನ್ನೂ ಯೋಜನೆಯ ಹಂತದಲ್ಲಿದ್ದವು. ಆದರೂ ಮಾರಾಟಕ್ಕಿಟ್ಟ ಷೇರಿನ 70 ಪಟ್ಟಿಗೂ ಮಿಗಿಲಾಗಿ ಬೇಡಿಕೆ ಬಂತು. ಪಕ್ಕದ ಮನೆಯವರು ಅರ್ಜಿ ಹಾಕಿದ್ದಾರೆ, ಆಫೀಸಿನಲ್ಲಿ ಎಲ್ಲರೂ ಹಾಕಿದ್ದಾರೆ, ನಾವೊಬ್ಬರೇ ಯಾಕೆ ಬಿಡಬೇಕು ಎಂಬುದೇ ಎಷ್ಟೋ ಮನೆಗಳಲ್ಲಿ ಸಾಕಷ್ಟು ಕಾರಣವಾಯಿತು. ಸಣ್ಣ ಹೂಡಿಕೆದಾರರಿಗೆ 430 ರೂಪಾಯಿಗೆ ಸಿಕ್ಕ ಷೇರು, ಫೆಬ್ರವರಿ 11ರಂದು ಮೊದಲ ದಿನದ ವಹಿವಾಟು ಮುಗಿದಾಗ 372 ರೂಪಾಯಿ ಆಸುಪಾಸಿನಲ್ಲಿ ನಿಂತಿತ್ತು.

ಕೊಂಡದ್ದು ಜನಜಂಗುಳಿಯ ಪ್ರಭಾವದಿಂದ. ಅದನ್ನು ಅರ್ಥ ಮಾಡಿಕೊಳ್ಳಬಹುದು. ನನಗೆ ಹೆಚ್ಚು ಮುಖ್ಯವೆನಿಸುವುದು ಆಮೇಲಿನ ಕಥೆ. ಅಂದೇ ಮಾರಿದ್ದರೆ ನೂರಕ್ಕೆ ಹದಿಮೂರೋ ಹದಿನಾಲ್ಕೋ ರೂಪಾಯಿ ಹೋಗುತ್ತಿತ್ತು. 430 ಮತ್ತೆ ಬರಲಿ ಎಂದು ಕಾದವರು ಕಾಯುತ್ತಲೇ ಉಳಿದರು. ನಡುವೆ ಕಂಪನಿ ಬೋನಸ್ ಷೇರು ಕೊಟ್ಟಿತು, ನಿಜ. ಆದರೆ 2020ರ ಮಾರ್ಚ್ ಹೊತ್ತಿಗೆ ಬೆಲೆ ಎರಡು ರೂಪಾಯಿಗೂ ಕೆಳಗೆ ಇಳಿದಿತ್ತು. ಆ 430 ಎಂಬ ಸಂಖ್ಯೆ ಕಂಪನಿಯ ಭವಿಷ್ಯದ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಅದು ಕೊಂಡವರ ಮನಸ್ಸಿನಲ್ಲಿ ಮಾತ್ರ ಕೂತಿತ್ತು.

ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ ಎಂಬ ಇಬ್ಬರು ಮನೋವಿಜ್ಞಾನಿಗಳು 1979ರಲ್ಲಿ ಈ ಗಂಟನ್ನು ಬಿಚ್ಚಿ ತೋರಿಸಿದರು. ನಾಣ್ಯ ಚಿಮ್ಮಿ, ಸೋತರೆ ನೂರು ರೂಪಾಯಿ ಕೊಡಬೇಕು ಎಂದರೆ, ಗೆದ್ದರೆ ಸುಮಾರು ಇನ್ನೂರಾದರೂ ಸಿಗದ ಹೊರತು ಹೆಚ್ಚಿನವರು ಆಟಕ್ಕೇ ಬರುವುದಿಲ್ಲ. ಕಳೆದುಕೊಂಡ ನೂರರ ನೋವು ಗಳಿಸಿದ ನೂರರ ಖುಷಿಗಿಂತ ಅಷ್ಟು ದೊಡ್ಡದು. ಆ ನೋವನ್ನು ಒಪ್ಪಿಕೊಳ್ಳಲಾರದೆ ನಾವು ನಷ್ಟದ ಷೇರನ್ನು ಹಿಡಿದಿಡುತ್ತೇವೆ. ಲಾಭದಲ್ಲಿರುವುದನ್ನು, ಎಲ್ಲಿ ಕೈತಪ್ಪಿ ಹೋಗುತ್ತದೋ ಎಂದು, ಬೇಗ ಮಾರುತ್ತೇವೆ. ಹಣಕಾಸು ಸಂಶೋಧಕ ಟೆರನ್ಸ್ ಓಡೀನ್ ಅಮೆರಿಕದ 10,000 ಹೂಡಿಕೆ ಖಾತೆಗಳನ್ನು ಪರಿಶೀಲಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ಲಾಭಕ್ಕೆ ಮಾರಿದ ಷೇರುಗಳು ಮುಂದಿನ ಒಂದು ವರ್ಷದಲ್ಲಿ ಅವರು ಹಿಡಿದಿಟ್ಟ ನಷ್ಟದ ಷೇರುಗಳಿಗಿಂತ ಸರಾಸರಿ ಶೇ. 3.4ರಷ್ಟು ಹೆಚ್ಚು ಗಳಿಸಿದ್ದವು. ಇರಿಸಿಕೊಳ್ಳಬೇಕಾದ್ದನ್ನು ಮಾರಿ, ಮಾರಬೇಕಾದ್ದನ್ನು ಇರಿಸಿಕೊಂಡಿದ್ದರು.

ಈಗ ಇದೇ ಮನಸ್ಸಿನ ಕೈಗೆ ಮೊಬೈಲ್ ಬಂದಿದೆ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಹೊರತಂದ ವರದಿ ಪ್ರಕಾರ, ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ, ಮುಂದಿನ ಬೆಲೆಯ ಮೇಲೆ ಪಣ ಕಟ್ಟುವಂಥ ವಹಿವಾಟಿಗೆ ಇಳಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ. 93 ಮಂದಿ ದುಡ್ಡು ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ನನ್ನನ್ನು ಕಲಕಿದ್ದು ಅದರೊಳಗಿನ ಇನ್ನೊಂದು ಅಂಶ. ಸತತ ನಷ್ಟವಾದರೂ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಆಟ ಬಿಡಲಿಲ್ಲ. ಹೋದದ್ದನ್ನು ವಾಪಸ್ ಪಡೆಯಲೇಬೇಕೆಂಬ ಆ ಹಟ ನಮ್ಮ ಮನೆಯ ಹುಡುಗರದ್ದೂ ಹೌದು. ಅವರಿಗೆ ಬುದ್ಧಿ ಇಲ್ಲ ಎನ್ನಬೇಡಿ. ಬುದ್ಧಿವಂತರನ್ನೂ ಈ ನೋವು ಬಿಡುವುದಿಲ್ಲ.

ಹಾಗಾದರೆ ದಾರಿ ಏನು? ಮನಸ್ಸನ್ನು ಗೆಲ್ಲಿ ಎಂಬ ಉಪದೇಶದಲ್ಲಿ ನನಗೆ ನಂಬಿಕೆಯಿಲ್ಲ. ಮನಸ್ಸಿನ ಏರಿಳಿತಕ್ಕೆ ಅವಕಾಶವೇ ಕೊಡದ ವ್ಯವಸ್ಥೆ ಬೇಕು, ಅದಕ್ಕೆ ನಮ್ಮಲ್ಲೇ ಒಂದು ಹಳೆಯ ಉದಾಹರಣೆಯಿದೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕು. ಏಜೆಂಟ್ ಅಂಗಡಿ ಬಾಗಿಲಿಗೇ ಬರುತ್ತಿದ್ದ. ಪಿಗ್ಮಿಯವನು ಬಂದ ಎಂದರೆ ಗಲ್ಲಾಪೆಟ್ಟಿಗೆಯಿಂದ ಕಾಸು ಎತ್ತಿ ಕೊಡುವುದು, ಪಾಸ್‌ಬುಕ್ಕಿನಲ್ಲಿ ಬರೆಸಿಕೊಳ್ಳುವುದು, ಅಷ್ಟೇ. ಇವತ್ತು ಉಳಿಸಲೋ ಬೇಡವೋ ಎಂಬ ಪ್ರಶ್ನೆ ಏಳುವುದಕ್ಕೇ ಅಲ್ಲಿ ಜಾಗವಿರಲಿಲ್ಲ. ಇಂದಿನ ಎಸ್‌ಐಪಿ ಎಂಬ ಕಂತಿನ ಹೂಡಿಕೆಯ ಜೀವಾಳವೂ ಅದೇ: ತಿಂಗಳ ಗೊತ್ತಾದ ದಿನ ಹಣ ತಾನಾಗಿ ಹೋಗುತ್ತದೆ, ಮಾರುಕಟ್ಟೆ ಬಿದ್ದ ದಿನದ ಭಯಕ್ಕೂ ಏರಿದ ದಿನದ ಆಸೆಗೂ ಅಪ್ಪಣೆ ಕೇಳುವುದಿಲ್ಲ.

ಬಂಧುಗಳೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ಇಂದು ರಾತ್ರಿ ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ನಷ್ಟದಲ್ಲಿರುವ ಒಂದೊಂದೇ ಷೇರನ್ನು ನೋಡಿ. ಕೊಂಡ ಬೆಲೆಯನ್ನು ಬೆರಳಿನಿಂದ ಮುಚ್ಚಿ. ಇದು ನನ್ನ ಬಳಿ ಇಲ್ಲದೇ ಇದ್ದಿದ್ದರೆ, ಇವತ್ತಿನ ಬೆಲೆಗೆ ಹೊಸದಾಗಿ ಕೊಳ್ಳುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಇಲ್ಲ ಎಂದು ಉತ್ತರ ಬಂದರೆ, ಅಸಲಿಗಾಗಿ ಕಾಯಬೇಡಿ, ಮಾರಿಬಿಡಿ.