ಕರಗಿಸಿದಷ್ಟೂ ಮೋಟಾಗುವ ಎಳೆ
(ದೆಹಲಿಯಲ್ಲಿ ಮರುಬಳಕೆ ಪ್ಲಾಸ್ಟಿಕ್ ವಸ್ತುಗಳ ಪ್ರದರ್ಶನದ ಉದ್ಘಾಟನಾ ಭಾಷಣ)

ದೆಹಲಿಯ ಮಾಯಾಪುರಿ ಗುಜರಿಯಲ್ಲಿ ಬಿಚ್ಚಿದ ಹಳೆಯ ಕಾರಿನಲ್ಲಿ ಎರಡು ಬಗೆಯ ಪ್ಲಾಸ್ಟಿಕ್ ಕಾಂಪೊಸಿಟ್ ಸಿಗುವುದುಂಟು. ಬಂಪರಿನಲ್ಲಿ ಸಾಮಾನ್ಯವಾಗಿ ಟಾಲ್ಕ್ ಪುಡಿ ಬೆರೆತ ಪಾಲಿಪ್ರೊಪಿಲೀನ್. ರೇಡಿಯೇಟರ್ ಟ್ಯಾಂಕಿನಲ್ಲಿ ಗಾಜಿನ ಎಳೆ ಸೇರಿದ ನೈಲಾನ್. ಪುಡಿಮಾಡಿ, ತೊಳೆದು, ಕರಗಿಸಿ ‘ದಾನಾ’ ಮಾಡಿದ ಮೇಲೆ ಎರಡೂ ಕಪ್ಪು ಕಾಳುಗಳೇ. ಮುಂದೆ ಅವು ಬಾಳುವ ರೀತಿ ಮಾತ್ರ ಬೇರೆ.

ಮೊದಲು ಸೋಲುವುದು ಗಾಜಿನ ಎಳೆ. ಕಾರ್ಖಾನೆಗೆ ಬರುವಾಗ ಅದು ಸುಮಾರು 3–4 ಮಿಲಿಮೀಟರ್ ಉದ್ದವಿರುತ್ತದೆ. ಎಕ್ಸ್‌ಟ್ರೂಡರ್ ಎಂಬುದು ಒಂದು ಬಗೆಯ ಚಕ್ಕುಲಿ ಒರಳು. ಒಳಗೆ ತಿರುಗುವ ತಿರುಪು ಎಳೆಯನ್ನು ಮುರಿಯುತ್ತಲೇ ಒತ್ತುತ್ತದೆ. ಮೊದಲ ಅಚ್ಚಿನಲ್ಲೇ ಬಹುಪಾಲು ಎಳೆಗಳು ಒಂದು ಮಿಲಿಮೀಟರಿಗಿಂತ ಮೋಟಾಗುತ್ತವೆ, ಪ್ರತಿ ಮರುಬಳಕೆಯಲ್ಲೂ ಮತ್ತಷ್ಟು. ಮಣ್ಣಿನ ಗೋಡೆಯನ್ನು ಉದ್ದ ಹುಲ್ಲು ಹಿಡಿದಂತೆ ಹೊಟ್ಟು ಹಿಡಿಯಲಾರದು. ಬಿಗಿತ ಮುಖ್ಯವಾಗಿ ಗಾಜಿನ ಪ್ರಮಾಣದ ಮೇಲೆ ನಿಂತಿರುವುದರಿಂದ ನಿಧಾನವಾಗಿ ಇಳಿಯುತ್ತದೆ. ಎಳೆತ ತಾಳುವ ಬಲವೂ ಪೆಟ್ಟು ತಾಳುವ ಗುಣವೂ ಬೇಗ ಇಳಿಯುತ್ತವೆ. ಮೋಸ ಹೋಗುವುದು ಇಲ್ಲೇ: ಕೈಯಲ್ಲಿ ಗಟ್ಟಿಯೆನಿಸಿದ ತುಂಡು ಕೆಳಗೆ ಬಿದ್ದರೆ ಸೀಳುತ್ತದೆ.

ಎಳೆಯ ನಂತರ ಪ್ಲಾಸ್ಟಿಕ್ಕಿನ ಸರದಿ. ಅದರ ಅಣುಸರಪಳಿಗಳು ಉದ್ದ ಶಾವಿಗೆಯಂತೆ ಹೆಣೆದುಕೊಂಡಿರುತ್ತವೆ. ಶಾಖ, ಆಮ್ಲಜನಕ, ಒತ್ತಡಗಳಿಂದ ಪಾಲಿಪ್ರೊಪಿಲೀನ್ ಸರಪಳಿ ತುಂಡಾಗಿ ದ್ರವ ತೆಳುವಾಗುತ್ತದೆ. ಪಾಲಿಎಥಿಲೀನಿನಲ್ಲಿ ಸರಪಳಿಗಳು ಒಂದಕ್ಕೊಂದು ಬೆಸೆದು ದಪ್ಪವಾಗುವುದೂ ಉಂಟು. ನೈಲಾನಿಗೂ ಪೆಟ್‌ಗೂ ಶತ್ರು ತೇವ. ಮಳೆಗಾಲದಲ್ಲಿ ಬಯಲಲ್ಲಿ ನೆನೆದ ಚೂರನ್ನು ಒಣಗಿಸದೆ ಕರಗಿಸಿದರೆ ನೀರೇ ಸರಪಳಿಯನ್ನು ಕತ್ತರಿಸುತ್ತದೆ.

ಟಾಲ್ಕ್ ಪುಡಿಗೆ ಎಳೆಯಂತೆ ಮುರಿಯುವ ಭಯ ಕಡಿಮೆ. ಮುರಿಯಲು ಉದ್ದವೇ ಇಲ್ಲ, ಮತ್ತೆ ಕಲಸಿದರೆ ಹದವಾಗಿ ಹರಡುವುದೂ ಉಂಟು. ಪ್ಲಾಸ್ಟಿಕ್ಕಿಗೆ ಬೆರೆಸಿದ ಮರದ ಪುಡಿಯಾದರೋ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಪ್ಪಾಗಿ ವಾಸನೆ ಹಿಡಿಯುತ್ತದೆ. ಒಮ್ಮೆ ಗಟ್ಟಿಯಾದ ಎಪಾಕ್ಸಿಯಂಥ ರಾಳಗಳು ಕರಗುವುದೇ ಇಲ್ಲ. ಅರೆದು ಭರ್ತಿಪುಡಿ ಮಾಡಬಹುದು ಅಥವಾ ಸಿಮೆಂಟ್ ಗೂಡಿಗೆ ಕೊಡಬಹುದು.

ಹೊಸ ಪ್ಲಾಸ್ಟಿಕ್ ಬೆರೆಸಿ, ಸ್ಥಿರಕಾರಿ ಹಾಕಿ ಸವೆತವನ್ನು ತಡೆಹಿಡಿಯಬಹುದು. ಮುರಿದ ಎಳೆಯನ್ನು ಯಾವ ಮದ್ದೂ ಉದ್ದ ಮಾಡದು. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳ 2022ರ ತಿದ್ದುಪಡಿಯ ಪ್ರಕಾರ ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗಿನಲ್ಲಿ ಮರುಬಳಕೆಯ ಪಾಲು 2025–26ರಲ್ಲಿ ಶೇಕಡಾ 30, 2028–29ರ ಹೊತ್ತಿಗೆ 60. ನಿಯಮ ಪಾಲನ್ನು ಎಣಿಸುತ್ತದೆ, ಎಷ್ಟು ಸಲ ಕರಗಿದೆ ಎಂಬುದನ್ನಲ್ಲ. ದೆಹಲಿಯ ಟಿಕ್ರಿ ಕಲಾಂ ಪ್ಲಾಸ್ಟಿಕ್ ಮಂಡಿಯಲ್ಲಿ ಚೂರನ್ನು ಸುಟ್ಟು ಮೂಸಿದರೆ ಜಾತಿ ತಿಳಿದೀತು, ವಯಸ್ಸು ತಿಳಿಯದು. ಸರಪಳಿಯ ಸವೆತವನ್ನು ಅಂದಾಜಿಸಲು ಪಾಲಿಪ್ರೊಪಿಲೀನನ್ನು 230 ಡಿಗ್ರಿಯಲ್ಲಿ 2.16 ಕಿಲೊ ಭಾರದಡಿ ಹರಿಸಿ, ಹತ್ತು ನಿಮಿಷಕ್ಕೆ ಎಷ್ಟು ಗ್ರಾಂ ಇಳಿಯಿತೆಂದು ತೂಗಬೇಕು. ಎಳೆಯನ್ನು ಅಳೆಯಲು ಪ್ಲಾಸ್ಟಿಕ್ಕನ್ನು ಕುಲುಮೆಯಲ್ಲಿ ಸುಟ್ಟು, ಉಳಿದ ಗಾಜನ್ನು ಸೂಕ್ಷ್ಮದರ್ಶಕದಡಿ ಇಡಬೇಕು. ಈ ಎರಡೂ ಪರೀಕ್ಷೆಗಳ ಮಾದರಿಗಳೊಂದಿಗೆ ಪ್ರದರ್ಶನ ಈಗ ತೆರೆದಿದೆ.